ಜಗಲಿಗೂ ಒಂದು ಕಾನೂನು ಬೇಕು

ಹಳೆಯ ಬೀದಿಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡಕ್ಕೆ ಹಂಚಿನ ಮನೆ, ಜಗಲಿ, ತುಳಸೀಕಟ್ಟೆ ಅಂದರೆ ಸಾಕು, ಕಣ್ಣು ತುಂಬಿ ಬರುತ್ತದೆ. ಇನ್ನೊಂದು ಪಂಗಡ, ‘ಸೋರುವ ಮನೆಯಲ್ಲಿ ಒಂದು ಮಳೆಗಾಲ ಇದ್ದು ನೋಡಿ, ಆಮೇಲೆ ಕವಿತೆ ಬರೀರಿ’ ಅನ್ನುತ್ತದೆ. ಎರಡು ಮಾತಿನಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಮುಟ್ಟದೆ ಬಿಡುವ ಸಂಗತಿ ಒಂದಿದೆ. ಬೀದಿಯೊಂದು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಸರ್ಕಾರದ ವಲಯ ನಿಯಮಾವಳಿಯ ಕೋಷ್ಟಕವೊಂದರಲ್ಲಿರುವ ನಾಲ್ಕು ಅಂಕಿಗಳ ಮೇಲೆ ನಿಂತಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಬೀದಿಯ ಬಗ್ಗೆ ಬಂದ ಕಥೆ, ಕಾದಂಬರಿ ಎಲ್ಲ ಓದುತ್ತೇವೆ. ಈ ಕೋಷ್ಟಕವನ್ನು ಮಾತ್ರ ಓದುವುದಿಲ್ಲ. ಅದು ಇಂಜಿನಿಯರುಗಳ ಕೆಲಸ ಅಂತ ಬಿಟ್ಟುಬಿಟ್ಟಿದ್ದೇವೆ. ಹಾಗೆ ಬಿಡಬಾರದು ಎಂಬುದೇ ಈ ಲೇಖನದ ವಾದ.

ಆ ನಾಲ್ಕು ಅಂಕಿಗಳು ಯಾವುವು? ಮನೆಯ ಮುಂದೆ, ಹಿಂದೆ, ಅಕ್ಕಪಕ್ಕ ಎಷ್ಟು ಅಡಿ ಖಾಲಿ ಬಿಡಬೇಕು ಎಂಬುದು ಒಂದು. ಇದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. ಸೈಟಿನ ನೂರು ಪಾಲಿನಲ್ಲಿ ಎಷ್ಟು ಪಾಲಿನ ಮೇಲೆ ಕಟ್ಟಡ ಕೂರಬಹುದು ಎಂಬುದು ಎರಡನೆಯದು. ಎಷ್ಟು ಎತ್ತರ ಏರಬಹುದು ಎಂಬುದು ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಎಲ್ಲ ಅಂತಸ್ತುಗಳ ನೆಲವನ್ನೂ ಕೂಡಿಸಿದರೆ ಅದು ಸೈಟಿನ ಎಷ್ಟು ಪಟ್ಟು ಆಗಬಹುದು ಎಂಬುದು. ಬೆಂಗಳೂರಿನವರು ಇದನ್ನು ಎಫ್.ಎ.ಆರ್. ಅನ್ನುತ್ತಾರೆ, ನಾವಿರುವ ಮಹಾರಾಷ್ಟ್ರದಲ್ಲಿ ಎಫ್.ಎಸ್.ಐ. ಅನ್ನುತ್ತಾರೆ. ಲೆಕ್ಕ ಕಷ್ಟದ್ದಲ್ಲ. 30 ಅಡಿಗೆ 40 ಅಡಿ ಸೈಟು ಅಂದರೆ 1,200 ಚದರಡಿ. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದ, 2015ನೇ ಇಸವಿಯ ಹೆಸರು ಹೊತ್ತ ಮಾಸ್ಟರ್ ಪ್ಲಾನಿನಲ್ಲಿ ಇಂಥ ಸಣ್ಣ ವಸತಿ ಸೈಟಿಗೆ ಕೊಟ್ಟ ಎಫ್.ಎ.ಆರ್. 1.75. ಅಂದರೆ ಒಟ್ಟು 2,100 ಚದರಡಿ ಕಟ್ಟಬಹುದು. ಸೈಟು ದೊಡ್ಡದಾದಂತೆ, ಮುಂದಿನ ರಸ್ತೆ ಅಗಲವಾದಂತೆ ಈ ಅಂಕಿ ಮೇಲೇರುತ್ತದೆ. ವಾಹನ ನಿಲ್ಲಿಸುವ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ಈ ಕೊನೆಯ ಎರಡು ವಾಕ್ಯಗಳನ್ನು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಷ್ಟಕ್ಕೂ ಈ ಅಂಕಿಗಳು ಎಲ್ಲಿಂದ ಬಂದವು? ಅಂದಚೆಂದಕ್ಕಾಗಿ ಯಾರೋ ಬರೆದದ್ದಲ್ಲ, ಸಾವಿನ ಭಯದಿಂದ ಬಂದವು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1898ರಲ್ಲಿ ಅದು ಬೆಂಗಳೂರಿಗೆ ಇಳಿಯಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಪೇಟೆಯೇ ರೋಗದ ಗೂಡು ಎಂದು ಆಗಿನ ಅಧಿಕಾರಿಗಳು ನಂಬಿದರು. 1898ರಲ್ಲೇ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು. 1903ರಲ್ಲಿ ಮೈಸೂರಿನಲ್ಲಿ ಅಂಥದೇ ಒಂದು ಮಂಡಳಿ ಬಂತು. ನಮ್ಮ ನೆರೆಯ ನಾಗಪುರಕ್ಕೆ 1936ರಲ್ಲಿ ಬಂತು. ಬೆಂಗಳೂರಿನಲ್ಲಿ 1890ರ ದಶಕದಲ್ಲಿ ಯೋಜನೆಯಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನ ನಂತರ ಭರದಿಂದ ಬೆಳೆದವು. ನೇರ ರಸ್ತೆ, ಪ್ರತಿ ಮನೆಗೂ ಕಾಂಪೌಂಡು, ಮುಂದೆ ಅಂಗಳ, ಹಿಂದೆ ಹಿತ್ತಲು. ಮಲ್ಲೇಶ್ವರದಲ್ಲಿ ಸಾಲುಮನೆಗಳ ಬೆನ್ನಿಗೆ ‘ಕನ್ಸರ್ವೆನ್ಸಿ ಗಲ್ಲಿ’ ಎಂಬ ಕಿರುದಾರಿಗಳು ಈಗಲೂ ಇವೆ. ಇವತ್ತು ಬೆಂಗಳೂರಿಗರು ‘ನಮ್ಮ ಹಳೇ ಮಲ್ಲೇಶ್ವರ’ ಅಂತ ಹೇಳಿಕೊಳ್ಳುವ ಆ ನೆರಳು, ಆ ಸಂಪಿಗೆ ಮರ, ಆ ಖಾಲಿ ಜಾಗ ಎಲ್ಲವೂ ಕಟ್ಟಡ ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಎಂಬ ಕಟ್ಟುಪಾಡಿನ ಫಲ. ಕಾನೂನು ಬಂದು ಹಳೆಯ ಊರು ಹಾಳಾಯಿತು ಅನ್ನುವವರು ಇದನ್ನು ಮರೆಯಬಾರದು.

ಹಾಗೆಯೇ ಇನ್ನೊಂದನ್ನೂ ಮರೆಯಬಾರದು. ಆ ಹಿಂದಿನ ಗಲ್ಲಿ ಇದ್ದದ್ದು ಯಾಕೆ? ಮನೆಯ ಮುಂಬಾಗಿಲಿಗೆ ಬರಬಾರದು ಎಂದು ನಿಷೇಧಿಸಲ್ಪಟ್ಟವರು ಹಿಂದಿನಿಂದ ಬಂದು ಮಲ ಎತ್ತಿಕೊಂಡು ಹೋಗಲಿ ಅಂತ. ಎರಡೂ ಬಡಾವಣೆಗಳಲ್ಲಿ ಸೈಟು ಹಂಚಿದ್ದು ಜಾತಿ, ಮತಗಳ ಪ್ರಕಾರ ಬ್ಲಾಕು ಮಾಡಿ. ಗಾಳಿ ಬೆಳಕಿಗೆ ಜಾಗ ಬಿಟ್ಟ ಕೈಯೇ ಜಾತಿಗೊಂದು ಗೆರೆ ಎಳೆದಿತ್ತು. ‘ಪಾರಂಪರಿಕ ಬಡಾವಣೆ’ ಎಂದು ಹೇಳುವಾಗ ನಾವು ಯಾವ ಪರಂಪರೆಯ ಮಾತಾಡುತ್ತಿದ್ದೇವೆ ಎಂದು ಕೇಳುವ ಹಕ್ಕು ಆ ಹಿಂದಿನ ಗಲ್ಲಿಯಲ್ಲಿ ನಡೆದವರ ಮಕ್ಕಳಿಗೆ ಇದೆ. ಅವರು ಕೇಳಿದಾಗ ನಮ್ಮ ಉತ್ತರ ಸ್ಪಷ್ಟವಾಗಿರಬೇಕು: ಮರ, ಅಂಗಳ, ಬೀದಿಯ ಎತ್ತರ ಉಳಿಯಲಿ, ಗೆರೆ ಅಳಿಯಲಿ. ಕಟ್ಟಡದ ಗೋಡೆಗೆ ನಿಯಮ ಇರಬೇಕು, ಮನೆ ಕೊಳ್ಳುವವನ, ಬಾಡಿಗೆಗೆ ಬರುವವನ ಜಾತಿಗಲ್ಲ. ಇವೆರಡನ್ನು ಬೇರೆ ಮಾಡದೆ ಆಡುವ ಪರಂಪರೆಯ ಮಾತು ಸುಖವಂತರ ಹಲುಬಾಟವಾಗುತ್ತದೆ, ಅಷ್ಟೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಯಮ ಅಂದರೆ ಬರೀ ‘ಬೇಡ’ ಅನ್ನುವಂಥದ್ದು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ‘ಇಷ್ಟು ಕಟ್ಟು’ ಅಂತ ಕರೆ ಕೊಡುವುದೂ ಅದೇ ನಿಯಮ. ಬಸವನಗುಡಿಯಂಥ ಕಡೆ 60 ಅಡಿಗೆ 100 ಅಡಿಯ ಸೈಟಿನಲ್ಲಿ ಒಂದು ಹಳೆಯ ಮನೆ ಇದೆ ಎಂದಿಟ್ಟುಕೊಳ್ಳಿ. ಸೈಟು 6,000 ಚದರಡಿ, ಮನೆ 2,500 ಚದರಡಿ. ಎಫ್.ಎ.ಆರ್. 1.75 ಅಂತಲೇ ಹಿಡಿದರೂ ಕಟ್ಟಲು ಸಿಗುವುದು 10,500 ಚದರಡಿ. ಅಂದರೆ ಇನ್ನೂ ಕಟ್ಟದಿರುವ 8,000 ಚದರಡಿ ಆ ಮನೆಯ ಮಾಡಿನ ಮೇಲೆ ಗಾಳಿಯಲ್ಲಿ ತೇಲುತ್ತಿದೆ, ಮತ್ತು ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ಮನೆ ನಿಂತಿರುವ ತನಕ ಆ ಬೆಲೆ ಕೈಗೆ ಬರುವುದಿಲ್ಲ. ಬಿದ್ದ ದಿನ ಬರುತ್ತದೆ. ಅಜ್ಜ ತೀರಿಕೊಂಡು, ನಾಲ್ಕು ಮಕ್ಕಳಲ್ಲಿ ಆಸ್ತಿ ಪಾಲಾಗಿ, ಒಬ್ಬರು ಇಲ್ಲಿ ಒಬ್ಬರು ಅಮೆರಿಕದಲ್ಲಿ ಇರುವ ಕುಟುಂಬ ಆ ಲೆಕ್ಕವನ್ನು ಎಷ್ಟು ದಿನ ಹಾಕದೆ ಇದ್ದೀತು? ಅವರನ್ನು ಬೈದು ಪ್ರಯೋಜನವಿಲ್ಲ. ಹಳೆಯ ಮನೆಗಿಂತ ಅದರ ಕಲ್ಲುಮಣ್ಣಿಗೇ ಬೆಲೆ ಹೆಚ್ಚು ಎಂದು ತೀರ್ಮಾನಿಸಿದ್ದು ಕೋಷ್ಟಕ.

ಒಂದು ಮನೆ ಬಿದ್ದರೆ ನಿಲ್ಲುವುದಿಲ್ಲ. ವಾಹನದ ಜಾಗ ಲೆಕ್ಕಕ್ಕಿಲ್ಲ ಅಂದೆನಲ್ಲ? ಅದರಿಂದ ಹೊಸ ಕಟ್ಟಡದ ನೆಲಮಟ್ಟ ಪೂರಾ ಕಂಬಗಳ ಮೇಲೆ ನಿಂತು ಕಾರುಗಳ ಪಾಲಾಗುತ್ತದೆ. ಬೀದಿಗೆ ಮುಖ ಮಾಡಿ ಕೂರುತ್ತಿದ್ದ ಮನುಷ್ಯರು ಮೊದಲನೇ ಅಂತಸ್ತಿಗೆ ಹತ್ತುತ್ತಾರೆ. ಕೆಳಗೆ ಉಳಿಯುವುದು ಕಬ್ಬಿಣದ ಗೇಟು, ಒಬ್ಬ ಕಾವಲುಗಾರ. ಪಕ್ಕದ ಹಳೇ ಮನೆಯ ಅಡುಗೆಮನೆಗೆ ಬೆಳಕು ಹೋಗುತ್ತದೆ, ಹಿತ್ತಲಿನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ನಾಲ್ಕನೇ ಅಂತಸ್ತಿನ ಕಿಟಕಿ ಇವರ ಬಚ್ಚಲನ್ನೇ ನೋಡುತ್ತಿರುತ್ತದೆ. ‘ಇನ್ನು ನಾವು ಇದ್ದು ಏನು ಮಾಡೋದು?’ ಅಂತ ಅವರೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ರಸ್ತೆ ಅಗಲವಾದರೆ ಅಂಕಿ ಏರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ. ಒಂದು ಬೀದಿಯ ಮರ ಕಡಿದು ಅಗಲ ಮಾಡಿದ ದಿನ ಆ ಬೀದಿಯ ಮನೆಗಳ ಆಯುಷ್ಯವೂ ಕಡಿಮೆಯಾಯಿತು ಎಂದೇ ಅರ್ಥ. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಹಣ ಕಟ್ಟಿ ಹೆಚ್ಚಿನ ಎಫ್.ಎ.ಆರ್. ಕೊಳ್ಳುವ ‘ಪ್ರೀಮಿಯಂ’ ವ್ಯವಸ್ಥೆಯನ್ನೂ ಕರ್ನಾಟಕ ಸರ್ಕಾರ ತಂದಿದೆ. ಮಿತಿ ಎಂಬುದು ಮಾರಾಟದ ಸರಕಾದ ಮೇಲೆ ಅದನ್ನು ಮಿತಿ ಅನ್ನಬೇಕೋ ದರಪಟ್ಟಿ ಅನ್ನಬೇಕೋ ನೀವೇ ಹೇಳಿ.

ಇದು ಬಡಾವಣೆಯ ಕಥೆ. ಪೇಟೆಯ, ಓಣಿಯ ಕಥೆ ಇದಕ್ಕೆ ತದ್ವಿರುದ್ಧ. ‘ಉಮರೇಡಿನಲ್ಲಿ ಕೂತು ಬಸವನಗುಡಿಯ ಚಿಂತೆ ಯಾಕೆ?’ ಎಂದು ಕೇಳುವವರಿಗೆ ಇಲ್ಲಿ ಉತ್ತರವಿದೆ. ಉಮರೇಡ್ ಇವತ್ತು ಹೊರಗಿನವರಿಗೆ ಕಲ್ಲಿದ್ದಲು ಗಣಿಯಿಂದ ಗೊತ್ತು. ಗಣಿ ಬರುವುದಕ್ಕೆ ಎಷ್ಟೋ ಮೊದಲು ಇದು ಕೋಷ್ಟಿ ನೇಕಾರರ ಊರು. ರೇಷ್ಮೆ ಅಂಚಿನ ಧೋತರಕ್ಕೆ ಹೆಸರಾಗಿತ್ತು. 1867ರಷ್ಟು ಹಿಂದೆಯೇ ಇಲ್ಲಿ ಪುರಸಭೆ ಆಗಿತ್ತು. ಗುಳೇದಗುಡ್ಡ, ಇಳಕಲ್ಲು, ರಬಕವಿ-ಬನಹಟ್ಟಿಗಳ ಕಡೆಯಿಂದ ಬಂದ ಗೆಳೆಯರಿಗೆ ನೇಕಾರರ ಓಣಿ ಹೇಗಿರುತ್ತದೆ ಎಂದು ನಾನು ಹೇಳಬೇಕಾದ್ದಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು. ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ತಾಗಿ ಕಟ್ಟೆ, ಒಳಗೆ ಪಡಸಾಲೆಯಲ್ಲಿ ಮಗ್ಗದ ಕುಣಿ. ಉದ್ದನೆಯ ಹಾಸು ಹೂಡಲು ಬೀದಿಯೇ ಬೇಕು. ಆ ಹೊತ್ತಿಗೆ ಬೀದಿ ಎಲ್ಲರ ಮನೆಯ ಮುಂದುವರಿದ ಕೋಣೆ. ಇಂಥಲ್ಲಿ ಮನೆಯ ಸುತ್ತ ಖಾಲಿ ಜಾಗ ಎಂಬುದೇ ಇಲ್ಲ, ಇರಬೇಕಾಗಿಯೂ ಇಲ್ಲ. ಗಾಳಿ ಬೆಳಕು ಬರುವುದು ನಡುವಿನ ತೊಟ್ಟಿಯಿಂದ, ಹಿಂದಿನ ಹಿತ್ತಲಿಂದ. ಅಂಟಿದ ಗೋಡೆ ಎರಡು ಮನೆಗೂ ಬಿಸಿಲು ತಡೆಯುತ್ತದೆ. ವಿದರ್ಭದ ಮೇ ತಿಂಗಳು ಕಂಡವರಿಗೆ ಇದರ ಬೆಲೆ ಗೊತ್ತು.

ಇಂಥ ಓಣಿಗೆ ಬಡಾವಣೆಯ ಸೈಟಿಗಾಗಿ ಬರೆದ ನಿಯಮ ತಂದು ಹೊದಿಸಿದರೆ ಏನಾಗುತ್ತದೆ? 15 ಅಡಿ ಅಗಲದ ಜಾಗ. ಎರಡೂ ಪಕ್ಕ ಮೂರು ಮೂರಡಿ ಬಿಡಿ ಅಂದರೆ ಉಳಿಯುವುದು ಒಂಬತ್ತು ಅಡಿ. ಅದರಲ್ಲಿ ಗೋಡೆಯ ದಪ್ಪ ಕಳೆಯಿರಿ. ಮಗ್ಗ ಎಲ್ಲಿ ಕೂರಬೇಕು? ಮುಂದೆ ಜಾಗ ಬಿಡಿ ಅಂದರೆ ಕಟ್ಟೆ ಹೋಯಿತು. ಕಟ್ಟೆ ಹೋದರೆ ಸಾಯಂಕಾಲ ಹೆಂಗಸರು ಕೂತು ಕಂಡಿಗೆ ಸುತ್ತುವ, ಮುದುಕರು ಕೂತು ಹೋಗೋರು ಬರೋರನ್ನು ಮಾತಾಡಿಸುವ ಜಾಗ ಹೋಯಿತು. ಬಿಟ್ಟ ಆ ಮೂರಡಿಯ ಸಂದಿಯಲ್ಲಿ ಗಾಳಿ ಬರುವುದಿಲ್ಲ, ಕಸ ಬರುತ್ತದೆ. ಹೀಗಾಗಿ ಬಡವ ಎರಡರಲ್ಲಿ ಒಂದು ಮಾಡುತ್ತಾನೆ. ಪರವಾನಗಿಯ ಗೊಡವೆಯೇ ಬೇಡವೆಂದು ಬಿರುಕು ಬಿಟ್ಟ ಗೋಡೆಯ ಕೆಳಗೇ ಮಲಗುತ್ತಾನೆ. ಇಲ್ಲವೆ ರಾತ್ರೋರಾತ್ರಿ ಕಟ್ಟಿ ಕಾನೂನು ಮುರಿದವನಾಗುತ್ತಾನೆ. ಅಪ್ಪನ ಕಾಲದ ಮನೆಯನ್ನು ಇದ್ದ ಹಾಗೆಯೇ ಎಬ್ಬಿಸಿ ನಿಲ್ಲಿಸಿದರೂ ಅಪರಾಧ ಎನ್ನುವ ಕಾನೂನು ಆತನ ಪಾಲಿಗೆ ಕಾನೂನೇ ಅಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಇದು ನಿಯಮ ಬರೆಯುವವರಿಗೆ ಗೊತ್ತಿಲ್ಲದ್ದೇನಲ್ಲ. ಮಹಾರಾಷ್ಟ್ರ 2020ರ ಡಿಸೆಂಬರಿನಲ್ಲಿ ಹೊರತಂದ ಏಕೀಕೃತ ನಿಯಮಾವಳಿ, ಮುಂಬಯಿಯಂಥ ಕೆಲವನ್ನು ಬಿಟ್ಟು, ದೊಡ್ಡ ಮಹಾನಗರಗಳಿಂದ ಹಿಡಿದು ಸಣ್ಣ ನಗರ ಪರಿಷತ್ತುಗಳ ತನಕ ಎಲ್ಲಕ್ಕೂ ಅನ್ವಯಿಸುತ್ತದೆ. ಅದರಲ್ಲಿ ಹಳೆಯ ದಟ್ಟ ವಸತಿಗೇ ಒಂದು ಕಟ್ಟುಪಾಡು, ಹೊರಗಿನ ಬಡಾವಣೆಗೇ ಒಂದು ಕಟ್ಟುಪಾಡು ಎಂದು ಬೇರ್ಪಡಿಸಿದ್ದಾರೆ. ಇದು ಸರಿಯಾದ ಹೆಜ್ಜೆ. ಆದರೆ ಪುಣೆಯ ಪೇಟೆ, ಕೊಲ್ಹಾಪುರದ ಪೇಟೆ, ಉಮರೇಡಿನ ಕೋಷ್ಟಿಗಳ ಓಣಿ ಮೂರೂ ‘ದಟ್ಟ ವಸತಿ’ ಎಂಬ ಒಂದೇ ಹೆಸರಿನ ಕೆಳಗೆ ಬಂದರೆ ಸಾಕೇ? ನಮ್ಮಲ್ಲಿ ಗ್ರಾಮಠಾಣಾ ಅನ್ನುವುದನ್ನೇ ಇಲ್ಲಿ ಗಾವಠಾಣ ಅನ್ನುತ್ತಾರೆ. ಪದ ಒಂದೇ, ಬೇನೆಯೂ ಒಂದೇ: ನಕ್ಷೆಯಲ್ಲಿ ಅದರ ಸುತ್ತ ಒಂದು ಗೆರೆ ಇರುತ್ತದೆ, ಒಳಗಿನ ಬೀದಿಗಳನ್ನು ಯಾರೂ ಅಳೆದಿರುವುದಿಲ್ಲ.

ನಿಯಮ ಬದುಕಿಗೆ ಒಗ್ಗದಿದ್ದರೆ ಜನ ಮುರಿಯುತ್ತಾರೆ. ಮುರಿದವರಲ್ಲಿ ಬಡವರ ಹಿಂದೆ ಧಣಿಗಳೂ ನುಸುಳುತ್ತಾರೆ. ಕರ್ನಾಟಕದ ‘ಅಕ್ರಮ-ಸಕ್ರಮ’ ಇದಕ್ಕೆ ದೊಡ್ಡ ಉದಾಹರಣೆ. 2014ರ ಆ ನಿಯಮಗಳ ಪ್ರಕಾರ ವಸತಿ ಕಟ್ಟಡದಲ್ಲಿ ಶೇಕಡಾ 50ರ ತನಕ, ವಾಣಿಜ್ಯ ಕಟ್ಟಡದಲ್ಲಿ ಶೇಕಡಾ 25ರ ತನಕ ಉಲ್ಲಂಘನೆ ಆಗಿದ್ದರೂ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನು ಎತ್ತಿ ಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸಣ್ಣ ಮನೆಯವನ ಕಷ್ಟ ಮುಂದೆ ಮಾಡಿ ದೊಡ್ಡ ಕಟ್ಟಡಗಳನ್ನೂ ಅದೇ ಗೋಣಿಚೀಲದಲ್ಲಿ ತುಂಬಿ ಸಾಗಿಸುವ ಉಪಾಯ ಇದು. ನಿಯಮ ಪಾಲಿಸಿ ಜಾಗ ಬಿಟ್ಟವನು ದಡ್ಡನಾದ, ಮುರಿದವನು ಜಾಣನಾದ.

ಹಾಗಾದರೆ ಏನೂ ಮುಟ್ಟಬೇಡಿ ಎಂದು ಬೀಗ ಹಾಕೋಣವೇ? ಅದನ್ನೂ ಮಾಡಿ ನೋಡಿದ್ದಾಗಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರು ಅನುಮತಿ ಬೇಕು ಎಂದು 2010ರಲ್ಲಿ ಕೇಂದ್ರದ ಕಾಯಿದೆ ತಿದ್ದುಪಡಿಯಾಯಿತು. ಐಹೊಳೆಯಂಥ ಊರಿನಲ್ಲಿ ಗುಡಿಗಳ ನಡುನಡುವೆಯೇ ಮನೆಗಳು. ಅಲ್ಲಿ 100 ಮೀಟರು ಅಂದರೆ ಊರಿನ ಬಹುಪಾಲು. ಮಗನ ಮದುವೆಗೆ ಒಂದು ಕೋಣೆ ಬೇಕಾದವನು ಏನು ಮಾಡಬೇಕು? ಹಂಪಿಯಲ್ಲಿ ಇನ್ನೂ ಮುಂದೆ ಹೋದರು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಕಟ್ಟಿಕೊಂಡಿದ್ದನ್ನೆಲ್ಲ ಕೆಡವಿದರು. ಕಲ್ಲುಮಂಟಪ ಉಳಿಯಿತು, ಬಜಾರು ಹೋಯಿತು. ಜನರಿಲ್ಲದ ಬಜಾರನ್ನು ನೋಡಲು ಟಿಕೇಟು ಕೊಂಡು ಜನ ಬರಬಹುದು; ಆದರೆ ಅದು ವಾಸದ ಬೀದಿಯಲ್ಲ.

ಮುಂಬಯಿಯ ಅನುಭವ ನಡುದಾರಿಯದು. 1995ರಲ್ಲಿ ಅಲ್ಲಿ ಬಂದ ಪಾರಂಪರಿಕ ನಿಯಮಾವಳಿ ಕಟ್ಟಡಗಳನ್ನು ಮೂರು ದರ್ಜೆ ಮಾಡಿತು, ಒಂದೊಂದು ಕಟ್ಟಡವನ್ನಷ್ಟೇ ಅಲ್ಲದೆ ಇಡೀ ವಠಾರಗಳನ್ನೂ ಪಟ್ಟಿಗೆ ಸೇರಿಸಿತು, ಕಟ್ಟುವ ಹಕ್ಕು ಕಳೆದುಕೊಂಡ ಮಾಲೀಕನಿಗೆ ಅದನ್ನು ಬೇರೆ ಕಡೆ ಬಳಸಲು ಮಾರಿಕೊಳ್ಳುವ ದಾರಿಯನ್ನೂ ಇಟ್ಟಿತು. ಆದರೂ 2012ರಲ್ಲಿ ಶಿವಾಜಿ ಪಾರ್ಕಿನಂಥ ವಠಾರಗಳನ್ನು ಹೊಸ ಪಟ್ಟಿಗೆ ಸೇರಿಸಲು ಹೊರಟಾಗ ಅಲ್ಲಿನ ನಿವಾಸಿಗಳೇ ತಿರುಗಿಬಿದ್ದರು. ‘ನಮ್ಮ ಕಟ್ಟಡ ಮುರಿದು ಬೀಳುತ್ತಿದೆ, ನಿಮಗೆ ಪರಂಪರೆಯ ಚಿಂತೆ’ ಎಂಬುದು ಅವರ ಆಕ್ಷೇಪದ ತಿರುಳು. ಅವರನ್ನು ಅರಸಿಕರು ಎಂದು ತಳ್ಳಿಹಾಕುವುದು ಸುಲಭ. ಆದರೆ ಊರಿಗೆಲ್ಲ ಚೆಂದ ಕಾಣಲಿ ಅಂತ ಒಬ್ಬನ ಜೇಬಿನಿಂದ ಖರ್ಚು ಮಾಡಿಸುವುದು ಯಾವ ನ್ಯಾಯ?

ಇದೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು.

ಮೊದಲನೆಯದು, ಸೈಟನ್ನು ಅಳೆದು ನಿಯಮ ಬರೆಯುವುದು ಬಿಟ್ಟು ಬೀದಿಯನ್ನು ಅಳೆದು ಬರೆಯಬೇಕು. ಅಂಗಳ ಬಿಟ್ಟು ಕಟ್ಟಿದ ಬೀದಿಯಲ್ಲಿ ಅಂಗಳವೇ ನಿಯಮವಾಗಲಿ; ಕಟ್ಟೆಗೆ ಕಟ್ಟೆ ತಾಗಿದ ಓಣಿಯಲ್ಲಿ ಕಟ್ಟೆಯೇ ನಿಯಮವಾಗಲಿ. ಬೀದಿಯ ಮನೆಗಳು ಸಾಮಾನ್ಯವಾಗಿ ಎಷ್ಟು ಎತ್ತರ ಇವೆಯೋ ಬೀದಿಯ ಅಂಚಿನಲ್ಲಿ ಅಷ್ಟೇ ಎತ್ತರ. ಇನ್ನೊಂದು ಅಂತಸ್ತು ಬೇಕಾದವರು ಹಿಂದಕ್ಕೆ ಸರಿದು ಎಬ್ಬಿಸಲಿ. ಓಣಿಯ ಮನೆಗೆ ಪಕ್ಕದ ಸಂದಿ ಬೇಡ, ನಡುವೆ ಬೆಳಕಿಗೆ ತೊಟ್ಟಿ ಇರಲಿ. ಇದು ಹೊಸ ತತ್ವವೇನಲ್ಲ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಮದ್ರಾಸ್ ಪ್ರಾಂತ್ಯದ ಊರುಗಳನ್ನು, ಆಗ ಅದರಲ್ಲಿದ್ದ ನಮ್ಮ ಬಳ್ಳಾರಿಯನ್ನೂ, ಓಣಿ ಓಣಿ ಸುತ್ತಿ ನೋಡಿ ವರದಿ ಬರೆದ. ಗುಂಡು ಗೆರೆ ಎಳೆದು ಅಗಲ ರಸ್ತೆ ಕೊರೆಯುವ ಇಂಜಿನಿಯರುಗಳನ್ನು ಅವನು ಒಪ್ಪಲಿಲ್ಲ. ಬಿದ್ದುಹೋಗುವಂಥ ಒಂದೆರಡು ಮನೆ ತೆಗೆದು, ಅಲ್ಲಿ ಒಂದು ಮರ, ಒಂದು ಬಯಲು ಮಾಡಿ, ಉಳಿದದ್ದನ್ನು ಉಳಿಸಿ ಎಂಬುದು ಅವನ ಉಪಚಾರ.

ಎರಡನೆಯದು, ಕಟ್ಟದೆ ಬಿಟ್ಟವನಿಗೆ ಊರು ಬೆಲೆ ಕೊಡಬೇಕು. ರಸ್ತೆಗೆ ಜಾಗ ಬಿಟ್ಟವರಿಗೆ ಕಟ್ಟುವ ಹಕ್ಕಿನ ಪತ್ರ ಕೊಡುವ ಪದ್ಧತಿ ಬೆಂಗಳೂರಿನಲ್ಲಿ ಇದೆ. ಅದು ದುರುಪಯೋಗವಾಗಿ ತನಿಖೆ ನಡೆದದ್ದೂ ಉಂಟು. ಬಿಗಿ ಮಾಡಿ ಅದನ್ನೇ ಹಳೆಯ ಮನೆ ಉಳಿಸಿಕೊಂಡವರಿಗೂ ಕೊಡಲಿ. ಓಣಿಯ ಬಡವನಿಗೆ ಆ ಪತ್ರದಿಂದ ಉಪಯೋಗ ಕಡಿಮೆ. ಅವನಿಗೆ ಮಾಡು ಹೊದಿಸಲು ಸಾಲ, ಶೌಚಾಲಯ, ತೆರಿಗೆಯಲ್ಲಿ ರಿಯಾಯಿತಿ ಬೇಕು.

ಮೂರನೆಯದು, ನಿಯಮ ಹಗುರವಾಗಿರಲಿ, ಆದರೆ ಎಲ್ಲರಿಗೂ ಒಂದೇ ಆಗಿರಲಿ. ಪಾಲಿಸಲು ಆಗುವಂಥ ನಿಯಮ ಬರೆದ ಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಬಾಗಿಲು ಮುಚ್ಚಬೇಕು.

ಇದರಲ್ಲಿ ಕನ್ನಡ ಓದುವ ನಮ್ಮ ಪಾಲೇನು ಅಂತ ಕೇಳಬಹುದು. ಕರ್ನಾಟಕದ 1961ರ ಕಾಯಿದೆಯಲ್ಲಾಗಲಿ ಮಹಾರಾಷ್ಟ್ರದ 1966ರ ಕಾಯಿದೆಯಲ್ಲಾಗಲಿ ಊರಿನ ಯೋಜನೆ ಕಾಯಂ ಆಗುವ ಮೊದಲು ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಲೇಬೇಕು. ಬೆಂಗಳೂರಿನ 2031ರ ಕರಡು 2017ರಲ್ಲಿ ಪ್ರಕಟವಾಗಿ, ಸಾವಿರಾರು ಆಕ್ಷೇಪಣೆ ಬಂದು, ಕೊನೆಗೆ ಸರ್ಕಾರ ಅದನ್ನು ಕೈಬಿಟ್ಟಿತು. ಆಕ್ಷೇಪಣೆ ಬರೆದವರಲ್ಲಿ ಇಂಗ್ಲಿಷ್ ಬಲ್ಲ ಬಡಾವಣೆಯವರ ದನಿ ಜೋರಾಗಿ ಕೇಳುತ್ತದೆ. ಓಣಿಯ ನೇಕಾರನ ದನಿ ಕೇಳುವುದಿಲ್ಲ. ಆತನಿಗೆ ಅಭಿಪ್ರಾಯ ಇಲ್ಲ ಅಂತಲ್ಲ, ಕರಡಿನ ಭಾಷೆ ಆತನಿಗೆ ತಲುಪುವುದಿಲ್ಲ. ಸೆಟ್‌ಬ್ಯಾಕು, ಕವರೇಜು, ಎಫ್.ಎಸ್.ಐ. ಎಂಬ ಮಾತುಗಳನ್ನು ಕಟ್ಟೆ, ಅಂಗಳ, ಮಾಡು ಎಂಬ ಮಾತಿಗೆ ಇಳಿಸಿ ಹೇಳುವುದು ಭಾಷೆಯ ಕೆಲಸ, ಅದು ನಮ್ಮ ಕೆಲಸ. ರಜೆಗೆ ಊರಿಗೆ ಹೋದಾಗ ಒಂದು ಟೇಪು ಹಿಡಿದು ನಿಮ್ಮ ಓಣಿ ಅಳೆಯಿರಿ: ಬೀದಿ ಎಷ್ಟು ಅಗಲ, ಕಟ್ಟೆ ಎಷ್ಟು ಎತ್ತರ, ಯಾವ ಮನೆಗೆ ಬೆಳಕು ಎಲ್ಲಿಂದ ಬರುತ್ತದೆ, ಯಾರ ಮನೆಗೆ ಶೌಚಾಲಯ ಇಲ್ಲ. ಬರೆದು ತನ್ನಿ. ಉಮರೇಡಿನ ಓಣಿಗಳನ್ನು ಇಲ್ಲಿನ ಮರಾಠಿ ಗೆಳೆಯರ ಜೊತೆ ಸೇರಿ ಅಳೆಯೋಣ. ಮುಂದಿನ ಕರಡು ಬಂದಾಗ ಕಚೇರಿಗೆ ಕೊಡಲು ನಮ್ಮ ಕೈಯಲ್ಲೂ ಒಂದು ಕೋಷ್ಟಕ ಇರಲಿ.